ಸೊನ್ನೆಯನ್ನು ಸ್ವೀಕರಿಸಲಾಗುವುದಿಲ್ಲ

ಕಳೆದ ಜೂನ್ ತಿಂಗಳಲ್ಲಿ, ಮಳೆ ಹಿಡಿದ ನಾಲ್ಕನೆಯ ದಿನ, ಸಾಗರ ಸೀಮೆಯ ಗುಡ್ಡದ ಮೂಲೆಯಲ್ಲಿರುವ ನಮ್ಮ ಮನೆಯು ಪರಿಸರ ಪರೀಕ್ಷೆಯಲ್ಲಿ ನಪಾಸಾಯಿತು. ಬಂದದ್ದು 100ಕ್ಕೆ 11 ಅಂಕ. ಅದರಲ್ಲಿಯೂ 4 ಅಂಕಗಳು ಪರೀಕ್ಷಕನು ಕನಿಕರದಿಂದ ದೊರಕಿಸಿಕೊಟ್ಟವು. ನಮ್ಮ ವಂಶದಲ್ಲಿ ಗಣಿತದಲ್ಲಿ ನಪಾಸಾದವರಿದ್ದಾರೆ, ಇಂಗ್ಲಿಷಿನಲ್ಲಿ ನಪಾಸಾದವರಂತೂ ತಲೆಮಾರಿಗೊಬ್ಬರಿದ್ದಾರೆ. ಆದರೆ ಬಾಳೆ ಎಲೆಯಲ್ಲಿ ಉಣ್ಣುವ ವಿಷಯದಲ್ಲಿ, ಬಟ್ಟೆಯ ಚೀಲ ಹಿಡಿದು ಸಂತೆಗೆ ಹೋಗುವ ವಿಷಯದಲ್ಲಿ ನಪಾಸಾದವರು ನಾವೇ ಮೊದಲಿಗರಿರಬೇಕು.

ಪರೀಕ್ಷೆ ನಡೆಸಿದ ಇಲಾಖೆ ಯಾವುದೆಂದು ಹೇಳುವುದು ಬೇಡ. ನಡೆಸಿದ್ದು ಇಲಾಖೆಯೂ ಅಲ್ಲ, ಇಲಾಖೆಯಿಂದ ಗುತ್ತಿಗೆ ಪಡೆದ ಸಂಸ್ಥೆಯೂ ಅಲ್ಲ. ದಿನಕ್ಕೆ ಇಷ್ಟು ಮನೆ ಎಂಬ ಲೆಕ್ಕದಲ್ಲಿ ಆ ಸಂಸ್ಥೆಯು ಕಳುಹಿಸಿಕೊಟ್ಟ, ಕೈಯಲ್ಲಿ ಟ್ಯಾಬ್ ಹಿಡಿದು ಇಂಬಳ ಕಡಿಸಿಕೊಂಡು ನೆತ್ತರು ಸುರಿಸುತ್ತಾ ಅಂಗಳಕ್ಕೆ ಬಂದ ಒಬ್ಬ ಬಡಪಾಯಿ ಹುಡುಗ. ಅಮ್ಮಮ್ಮ ಮೊದಲು ಅವನ ಕಾಲಿಗೆ ಸುಣ್ಣ ಹಚ್ಚಿದಳು, ಅನಂತರ ಕುಡಿಯಲು ಬಿಸಿ ಕಷಾಯ ಕೊಟ್ಟಳು, ಆಮೇಲಷ್ಟೇ ಬಂದ ಕಾರಣವನ್ನು ಕೇಳಿದಳು. ಪರಿಸರವನ್ನು ಉಳಿಸುವುದಕ್ಕಾಗಿ ಮನೆಮನೆಗಳಲ್ಲಿ ಏನೇನು ಮಾಡುತ್ತಿದ್ದಾರೆ ಎಂಬುದನ್ನು ಅಳೆಯಲು ಬಂದಿದ್ದೇನೆ ಎಂದು ಅವನು ವಿನಯದಿಂದಲೇ ಹೇಳಿದ.

ಇಂಥ ಅಳತೆಗಳಿಗೆಲ್ಲ ಈಗ ಒಂದು ಗಟ್ಟಿಯಾದ ಆಧಾರವಿದೆ. 2022ರ ಅಕ್ಟೋಬರ್ 20ರಂದು ಗುಜರಾತಿನ ಕೇವಡಿಯಾದಲ್ಲಿ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯವರ ಸಮ್ಮುಖದಲ್ಲಿ ಆರಂಭವಾದ ‘ಮಿಷನ್ ಲೈಫ್’ ಎಂಬ ಕೇಂದ್ರ ಸರ್ಕಾರದ ಕಾರ್ಯಕ್ರಮವು ಸಾಮಾನ್ಯ ಮನುಷ್ಯನು ದಿನನಿತ್ಯ ಪಾಲಿಸಬಹುದಾದ 75 ಕ್ರಮಗಳನ್ನು ಪಟ್ಟಿಮಾಡಿದೆ. ಎಲ್‌ಇಡಿ ಬಲ್ಬು ಹಾಕಿ, ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿ, ಕೆಂಪು ದೀಪ ಬಿದ್ದಾಗ ವಾಹನದ ಎಂಜಿನ್ ಆರಿಸಿ, ಅನ್ನ ಹಾಳಾಗದಂತೆ ಚಿಕ್ಕ ತಟ್ಟೆಯಲ್ಲಿ ಊಟಮಾಡಿ, ಬಿದಿರಿನ ಟೂತ್‌ಬ್ರಷ್ಷನ್ನೂ ಬೇವಿನ ಬಾಚಣಿಗೆಯನ್ನೂ ಬಳಸಿ ಎಂಬಿತ್ಯಾದಿ. ಪಟ್ಟಿಯಲ್ಲಿ ದೋಷವಿದೆ ಎಂದು ನಾನು ಹೇಳಲಾರೆ. ಓದುತ್ತಾ ಹೋದಂತೆ, ಯಾರೋ ನಮ್ಮ ಅಮ್ಮಮ್ಮನ ಬೈಗುಳಗಳನ್ನು ಒಂದು ವಾರ ಕೂತು ಬರೆದುಕೊಂಡು, ಅದರಲ್ಲಿನ ಬೈಗುಳವನ್ನಷ್ಟೇ ತೆಗೆದುಹಾಕಿ ಅಚ್ಚು ಹಾಕಿಸಿದ್ದಾರೆ ಎನ್ನಿಸುತ್ತದೆ. ತೊಂದರೆ ಶುರುವಾಗುವುದು ಇಂಥ ಪಟ್ಟಿ ಮೇಲಿನಿಂದ ಕೆಳಗಿಳಿದು, ಒಂದೊಂದು ಕಚೇರಿಯ ಮೇಜಿನ ಮೇಲೆ ಒಂದೊಂದು ರಾತ್ರಿ ತಂಗಿ, ಕೊನೆಗೆ ಅಂಕಪಟ್ಟಿಯ ರೂಪದಲ್ಲಿ ನಮ್ಮ ಜಗುಲಿ ಹತ್ತಿದಾಗ.

ಮೊದಲನೆಯ ಪ್ರಶ್ನೆಯೇ ನಮ್ಮನ್ನು ಕೆಡವಿತು. ಅಡುಗೆಮನೆಯಲ್ಲಿ ದಿನಕ್ಕೆ ಎಷ್ಟು ಕಿಲೋ ಹಸಿ ಕಸ ಉತ್ಪತ್ತಿಯಾಗುತ್ತದೆ ಎಂದು ಹುಡುಗ ಕೇಳಿದ. ಅಮ್ಮಮ್ಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಕ್ಕಿ ತೊಳೆದ ನೀರು, ಗಂಜಿ, ತರಕಾರಿಯ ತೊಟ್ಟು ಎಲ್ಲವೂ ಅಕ್ಕಚ್ಚಿನ ಬಾನಿಗೆ ಹೋಗಿ ಸಂಜೆಯೊಳಗೆ ಎಮ್ಮೆಯ ಹೊಟ್ಟೆ ಸೇರುತ್ತವೆ. ಹೀರೆಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ, ಹಲಸಿನ ಬೇಳೆ ಸಾರಿಗೆ ಬೀಳುತ್ತದೆ, ಉಂಡೆದ್ದ ಬಾಳೆ ಎಲೆ ಗೊಬ್ಬರದ ಗುಂಡಿಗೆ ಬೀಳುತ್ತದೆ. ಹೀಗಾಗಿ ಕಸ ಎಂಬ ವಸ್ತು ನಮ್ಮಲ್ಲಿ ಇಲ್ಲವೆಂದು ನಾನು ಹೇಳಿದೆ. ಹುಡುಗ ಸೊನ್ನೆ ಒತ್ತಿದ. ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ ‘ಸೊನ್ನೆಯನ್ನು ಸ್ವೀಕರಿಸಲಾಗುವುದಿಲ್ಲ’ ಎಂದು ಬಂತು. ವರ್ಷದ ಆರಂಭದಲ್ಲಿ ಎಷ್ಟು ಕಸವಿತ್ತು, ಈಗ ಎಷ್ಟಾಗಿದೆ, ವ್ಯತ್ಯಾಸವೆಷ್ಟು ಎಂಬುದಕ್ಕೆ ಅಂಕವೇ ಹೊರತು, ಮೊದಲಿನಿಂದಲೂ ಕಸವೇ ಇಲ್ಲದವರಿಗೆ ಅಂಕ ಕೊಡುವ ಏರ್ಪಾಡು ಅದರಲ್ಲಿರಲಿಲ್ಲ. ಕಳ್ಳತನ ಬಿಟ್ಟವನಿಗೆ ಬಹುಮಾನ. ಕದಿಯದೇ ಇದ್ದವನು ಅರ್ಜಿ ಹಾಕುವುದಕ್ಕೂ ಅನರ್ಹ.

ಅಲ್ಲಿಂದ ಮುಂದಕ್ಕೆ ಇದೇ ಕತೆ. ಪ್ಲಾಸ್ಟಿಕ್ ಟೂತ್‌ಬ್ರಷ್ಷನ್ನು ಬಿಟ್ಟು ಬಿದಿರಿನ ಬ್ರಷ್ಷಿಗೆ ಬದಲಾಗಿದ್ದೀರಾ ಎಂಬ ಪ್ರಶ್ನೆಗೆ ಅಮ್ಮಮ್ಮ ತನ್ನ ಮಾವಿನೆಲೆಯನ್ನೂ ಉಪ್ಪು ಬೆರೆಸಿದ ಇದ್ದಿಲು ಪುಡಿಯನ್ನೂ ತೋರಿಸಿದಳು. ‘ಬದಲಾಗಿಲ್ಲ’ ಎಂಬ ಕಡೆ ಗುರುತು ಬಿತ್ತು. ರಾಸಾಯನಿಕ ಸೋಪಿನ ಬಳಕೆಯನ್ನು ಎಷ್ಟು ಪ್ರತಿಶತ ಕಡಿಮೆ ಮಾಡಿದ್ದೀರಿ ಎಂದಾಗ ಅಂಟುವಾಳ, ಸೀಗೆ, ಒಲೆಯ ಬೂದಿ, ತೆಂಗಿನ ನಾರು ಎಂದು ಅವಳು ಎಣಿಸಿದಳು. ‘ಮಾಹಿತಿ ಲಭ್ಯವಿಲ್ಲ’ ಎಂದು ದಾಖಲಾಯಿತು. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸುತ್ತೀರಾ ಎಂಬ ಪ್ರಶ್ನೆಯನ್ನಂತೂ ಹುಡುಗ ತಾನೇ ನಾಚಿ ಓದಿದ. ನಮ್ಮ ಹೋಬಳಿಯಲ್ಲಿ ಸಿಗ್ನಲ್ ಎಂದರೆ ಮೊಬೈಲಿನದು. ಅದು ಸಿಗಬೇಕಾದರೂ ದಣಪೆ ದಾಟಿ ಗುಡ್ಡದ ನೆತ್ತಿಗೆ ಹೋಗಬೇಕು.

ನೀರಿನ ಅಧ್ಯಾಯದಲ್ಲಿ ನಮಗೆ ಋಣಾತ್ಮಕ ಅಂಕ ಬಂತು. ಮಲೆನಾಡಿನ ಎಷ್ಟೋ ಮನೆಗಳಂತೆ ನಮ್ಮದೂ ಅಬ್ಬಿಯ ನೀರು. ಹಿಂದೆ ಅಡಿಕೆ ದಬ್ಬೆಯ ಮೇಲೆ, ಈಗ ಪೈಪಿನೊಳಗೆ ಗುಡ್ಡದಿಂದ ತಾನಾಗಿ ಇಳಿದು ಬಂದು, ಹಿತ್ತಿಲ ಕಲ್ಲುಮರಿಗೆಗೆ ಬಿದ್ದು, ತುಂಬಿದ್ದು ತೋಟಕ್ಕೆ ಹರಿಯುತ್ತದೆ. ಅದಕ್ಕೆ ಪಂಪೂ ಇಲ್ಲ, ಕರೆಂಟೂ ಇಲ್ಲ, ನಲ್ಲಿಯೂ ಇಲ್ಲ. ನಲ್ಲಿ ಇಲ್ಲದ್ದರಿಂದ ‘ನಲ್ಲಿಯನ್ನು ತಪ್ಪದೇ ನಿಲ್ಲಿಸುತ್ತೀರಾ’ ಎಂಬ ಪ್ರಶ್ನೆಗೆ ಇಲ್ಲ ಎಂದೇ ಉತ್ತರಿಸಬೇಕಾಯಿತು. ಜಲ ಜೀವನ ಮಿಷನ್ ಪ್ರಕಾರ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ನಾನು ಸುಮ್ಮನೆ ಒಂದು ಲೆಕ್ಕ ಹಾಕಿದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿ 100 ಚದರ ಮೀಟರಿನ ಒಂದು ಮಾಡಿನ ಮೇಲೆ ಒಂದೇ ವರ್ಷಕ್ಕೆ ಬೀಳುವುದು 7 ಲಕ್ಷ ಲೀಟರ್. ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ 55 ಲೀಟರಿನಂತೆ ಎಂಟು ವರ್ಷಕ್ಕೂ ಮಿಕ್ಕಿ ಸಾಕಾಗುವಷ್ಟು. ಇಂಥ ಸೀಮೆಯ ಪೇಟೆಗಳಲ್ಲಿ ಮಾರ್ಚ್ ಬಂದೊಡನೆ ಟ್ಯಾಂಕರ್ ಓಡಾಡುತ್ತದೆ. ಗುಡ್ಡದ ತಲೆ ಬೋಳಿಸಿ, ಮಣ್ಣು ಬಗೆದು, ಅಬ್ಬಿಯ ಬಾಯಿ ಒಣಗಿಸಿದ ಮೇಲೆ, ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿರೆಂದು ಆ ಊರಿನ ಗೋಡೆಯ ಮೇಲೆ ಬರೆಸುತ್ತಾರೆ. ಬರೆಸಲಿ, ನಲ್ಲಿ ನಿಲ್ಲಿಸುವುದು ಒಳ್ಳೆಯದೇ. ಗೋಡೆ ಬರಹದ ಗುತ್ತಿಗೆದಾರನೇ ಮಣ್ಣು ಬಗೆದ ಜೆಸಿಬಿಯ ಮಾಲೀಕನೂ ಆಗಿರುತ್ತಾನೆ ಎಂಬುದಷ್ಟೇ ನನ್ನ ತಕರಾರು.

ಕರೆಂಟಿನ ಪ್ರಶ್ನೆಗಳು ಬರುವ ಹೊತ್ತಿಗೆ ಆಚೆಮನೆಯ ದೊಡ್ಡಪ್ಪ ಕವಳದ ಸಂಚಿ ಹಿಡಿದು ಬಂದು ಕೂತಿದ್ದ. ಅವನ ಅಪ್ಪನ ಮನೆ, ಗದ್ದೆ, ತೋಟ ಎಲ್ಲವೂ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ತಳದಲ್ಲಿವೆ. ನಾಡಿಗೆ ಬೆಳಕು ಕೊಟ್ಟು ಎದ್ದು ಬಂದವರ ಹೊಸ ಕೇರಿಗೆ ಕರೆಂಟು ತಲುಪಿದ್ದು ಅವನಿಗೆ ಮದುವೆಯಾಗಿ ಮಕ್ಕಳಾದ ಮೇಲೆ. ಹಕ್ಕುಪತ್ರಕ್ಕಾಗಿ ಅಲೆಯುವ ಮುಳುಗಡೆಯ ಕುಟುಂಬಗಳು ಇಂದಿಗೂ ಇವೆ. ಅಂಥವನನ್ನು ಹಿಡಿದು ಹುಡುಗನು, ಬೇಡದ ದೀಪವನ್ನು ಆರಿಸುವ ಅಭ್ಯಾಸವಿದೆಯೇ ಎಂದು ಕೇಳಿಬಿಟ್ಟ.

“ಇದೆ ತಮ್ಮಾ, ಚೆನ್ನಾಗಿಯೇ ಇದೆ” ಎಂದ ದೊಡ್ಡಪ್ಪ. “ಈ ಶರಾವತಿಯ ಪಂಪ್ಡ್ ಸ್ಟೋರೇಜು ಎಷ್ಟು ಮೆಗಾವ್ಯಾಟಿನದು ಹೇಳು?”

ಹುಡುಗನಿಗೆ ಗೊತ್ತಿರಲಿಲ್ಲ, ಪ್ರಶ್ನಾವಳಿಯಲ್ಲಿ ಅದಿರಲಿಲ್ಲ. 2,000 ಮೆಗಾವ್ಯಾಟಿನದು ಎಂದು ದೊಡ್ಡಪ್ಪನೇ ಹೇಳಿದ. ಗೇರುಸೊಪ್ಪೆಯ ಜಲಾಶಯದಿಂದ ತಲಕಳಲೆಗೆ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಯೋಜನೆ. ಎತ್ತುವುದಕ್ಕೆ ತಗಲುವ ಕರೆಂಟು ಬಿಡುವಾಗ ಸಿಗುವುದಕ್ಕಿಂತ ಹೆಚ್ಚು. ಬಿಸಿಲಿನ, ಗಾಳಿಯ ವಿದ್ಯುತ್ತನ್ನು ಹೀಗೆ ನೀರಿನ ರೂಪದಲ್ಲಿ ಕೂಡಿಟ್ಟರೆ ಪರಿಸರಕ್ಕೇ ಒಳಿತು ಎಂಬುದು ಅದರ ವಾದ. ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಆ ಒಳಿತು ಕಾರ್ಯರೂಪಕ್ಕೆ ಬರಬೇಕಾದ ಜಾಗ ಮಾತ್ರ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ದೊಡ್ಡಪ್ಪ ತನ್ನ ಲೆಕ್ಕ ಮುಂದುವರಿಸಿದ. ಒಂದು ಎಲ್‌ಇಡಿ ಬಲ್ಬು 9 ವ್ಯಾಟ್. 2,000 ಮೆಗಾವ್ಯಾಟಿಗೆ ಸಮನಾಗಬೇಕಾದರೆ 22 ಕೋಟಿಗೂ ಹೆಚ್ಚು ಬಲ್ಬು ಆರಿಸಬೇಕು. “ನನ್ನ ಬಚ್ಚಲಿನದೊಂದನ್ನು ಈಗಲೇ ಆರಿಸಿ ಬಂದಿದ್ದೇನೆ. ಉಳಿದವನ್ನು ನೀನು ಮೇಲಿನವರಿಗೆ ಹೇಳಿ ಆರಿಸುತ್ತೀಯೋ?”

ಹುಡುಗ ‘ದೀಪ ಆರಿಸುತ್ತಾರೆ’ ಎಂದು ಬರೆದುಕೊಂಡ. ಅಭಯಾರಣ್ಯದ ಒಂದು ಪಾಲಿಗೆ ಬೇಲಿ ಹಾಕುವವರು ಎಷ್ಟು ಅಂಕ ಕಳೆದುಕೊಳ್ಳುತ್ತಾರೆ ಎಂಬ ಕಲಮು ಎಲ್ಲಿಯೂ ಇಲ್ಲ. ಅವರ ಮನೆಗೂ ಒಬ್ಬ ಹುಡುಗ ಟ್ಯಾಬ್ ಹಿಡಿದು ಹೋಗುತ್ತಾನೋ ಏನೋ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಬಚ್ಚಲ ಒಲೆಯ ವಿಷಯವನ್ನು ಮುಚ್ಚಿಟ್ಟರೆ ತಪ್ಪಾಗುತ್ತದೆ. ಮಳೆಗಾಲದಲ್ಲಿ ಆ ಹಂಡೆಯ ಅಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬೆಂಕಿ ಆರುವುದಿಲ್ಲ. ಸೋಗೆ, ಹೆಡೆ, ತೆಂಗಿನ ಸಿಪ್ಪೆ ಮುಗಿದ ಮೇಲೆ ಕಾಡಿನ ಕಟ್ಟಿಗೆ, ಅದು ಬಿದ್ದದ್ದೋ ಬೀಳಿಸಿದ್ದೋ ಎಂಬುದನ್ನು ನಾವು ಪರಸ್ಪರ ಕೇಳಿಕೊಳ್ಳುವುದಿಲ್ಲ. ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟವನ್ನು ಕಾಪಾಡಿದವರು ನಾವು ಎಂದು ಸಭೆಗಳಲ್ಲಿ ಎದೆ ತಟ್ಟಿಕೊಳ್ಳುತ್ತೇವೆ. ಬೆಟ್ಟಕ್ಕೆ ಬಾಯಿದ್ದಿದ್ದರೆ ಅದು ಬೇರೆ ಹೇಳುತ್ತಿತ್ತು. ಕೊಳೆರೋಗಕ್ಕೆ ಅಡಿಕೆ ಗೊನೆಗೆ ಕಟ್ಟುವ ಕೊಟ್ಟೆಯನ್ನೇ ನೋಡಿ. ಹಿಂದಿನವರು ಕರಡದ ಹುಲ್ಲಿನಲ್ಲಿ ಕೊಟ್ಟೆ ಹೆಣೆಯುತ್ತಿದ್ದರು, ಹೆಣೆಯುವುದಕ್ಕೇ ಮನೆಮಂದಿ ವಾರಗಟ್ಟಲೆ ಕೂರುತ್ತಿದ್ದರು. ಈಗ ಪೇಟೆಯಿಂದ ಪ್ಲಾಸ್ಟಿಕ್ಕಿನದು ತರುತ್ತೇವೆ, ಮಳೆಗಾಲ ಮುಗಿದ ಮೇಲೆ ಹರಿದ ಚೂರುಗಳು ತೋಟದ ಕಪ್ಪಿನಲ್ಲಿ, ಎಂದರೆ ನೀರು ಹರಿಯುವ ಕಾಲುವೆಯಲ್ಲಿ, ಅಡ್ಡಬಿದ್ದು ನೀರು ಕಟ್ಟುತ್ತವೆ. ಅಡಿಕೆ ಹಾಳೆಯ ತಟ್ಟೆಯ ಕತೆ ಇನ್ನೂ ಸೊಗಸಾಗಿದೆ. ನಮ್ಮದೇ ತೋಟದ ಹಾಳೆ ಕಾರ್ಖಾನೆಗೆ ಹೋಗಿ, ತಟ್ಟೆಯಾಗಿ, ಹಡಗು ಹತ್ತಿ ಪರದೇಶದವರ ಮೇಜನ್ನು ಅಲಂಕರಿಸುತ್ತದೆ. ಆ ಹಾಳೆ ಮಾರಿದ ದುಡ್ಡಿನಲ್ಲಿ ನಾವು ಉಪನಯನಕ್ಕೆ ಪ್ಲಾಸ್ಟಿಕ್ ಲೇಪದ ಲೋಟ ತರಿಸುತ್ತೇವೆ, ಬಾಳೆ ಎಲೆಯ ಕೆಳಗೆ ಹಾಸಲು ಒಂದು ಸುರುಳಿ ಮೇಣದ ಕಾಗದವನ್ನೂ ತರಿಸುತ್ತೇವೆ. ಎಲೆಗೆ ಮೇಜಿನ ಮೈಲಿಗೆ ತಗಲಬಾರದಲ್ಲ. ಇವುಗಳಿಗೆ ಅಂಕ ಕಳೆದಿದ್ದರೆ ನಾನು ತಲೆಬಾಗಿ ಒಪ್ಪುತ್ತಿದ್ದೆ. ಆದರೆ ಕೊಟ್ಟೆಯ ಪ್ರಶ್ನೆಯೇ ಆ ಪಟ್ಟಿಯಲ್ಲಿರಲಿಲ್ಲ. ಬರೆದವರು ಅಡಿಕೆ ಮರವನ್ನು ಬುಡದಿಂದ ಮಾತ್ರ ನೋಡಿದ್ದಿರಬೇಕು.

ನಪಾಸಾದ ದುಃಖಕ್ಕಿಂತ ದೊಡ್ಡ ದುಃಖ ಪಕ್ಕದವನು ಪಾಸಾದದ್ದು. ಶಿವಮೊಗ್ಗದಲ್ಲಿರುವ ನನ್ನ ಭಾವನಿಗೆ ಇದೇ ಪರೀಕ್ಷೆಯಲ್ಲಿ 92 ಅಂಕ ಬಂದಿದೆ. ಎರಡು ವರ್ಷದಲ್ಲಿ ಅವನು ಕೊಂಡ ಪರಿಸರಸ್ನೇಹಿ ವಸ್ತುಗಳನ್ನು ಇಡಲು ಒಂದು ಪರಿಸರಸ್ನೇಹಿ ಕಪಾಟು ಬೇಕಾಯಿತು: ಮೂರು ಅಂತಸ್ತಿನ ಕಾಂಪೋಸ್ಟ್ ಡಬ್ಬಿ, ಅದಕ್ಕೆ ಹಾಕುವ ಪುಡಿ, ಸ್ಟೀಲ್ ಸ್ಟ್ರಾ, ಅದನ್ನು ತೊಳೆಯಲು ಒಂದು ಪುಟ್ಟ ಬ್ರಷ್, ಹದಿನೇಳು ಬಟ್ಟೆ ಚೀಲ. ಚೀಲಗಳನ್ನು ಅವನು ಮನೆಯಲ್ಲಿ ಮರೆತು ಹೋಗುವುದರಿಂದ ಪ್ರತಿ ಸಲ ಅಂಗಡಿಯಲ್ಲಿ ಹೊಸದೊಂದನ್ನು ಕೊಳ್ಳುತ್ತಾನೆ. ಅಂಗಡಿಯವನು ಮೇಜಿನಡಿಯಿಂದ ತೆಗೆದುಕೊಡುವ ಪ್ಲಾಸ್ಟಿಕ್ ಕೈಚೀಲವನ್ನು ಮುಟ್ಟುವುದಿಲ್ಲ ಎಂಬುದು ಅವನ ಹೆಮ್ಮೆ. ನಮ್ಮ ರಾಜ್ಯವು ಆ ಚೀಲವನ್ನು 2016ರ ಮಾರ್ಚ್ 11ರಂದೇ ನಿಷೇಧಿಸಿತ್ತು. ಆಮೇಲೆ ಕೇಂದ್ರ ಸರ್ಕಾರವು ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳನ್ನು 2022ರ ಜುಲೈ 1ರಿಂದ ನಿಷೇಧಿಸಿತು, ಕೈಚೀಲವಾದರೆ 120 ಮೈಕ್ರಾನಿಗಿಂತ ತೆಳುವಾಗಿರಬಾರದು ಎಂದಿತು. ಅಂದಿನಿಂದ ಅಂಗಡಿಯವನು, ಗಿರಾಕಿ, ತಪಾಸಣೆಯವರು ಮೂವರೂ ಮೈಕ್ರಾನಿನ ಬಗ್ಗೆ ಪಂಡಿತರಂತೆ ವಾದಿಸುತ್ತಾರೆ. ಚೀಲ ಮೇಜಿನಡಿಯಲ್ಲಿಯೇ ಇದೆ.

ಭಾವನ ಗೆಲುವಿನಿಂದ ಪಾಠ ಕಲಿತು ನಾನು ಮುಂದಿನ ವರ್ಷಕ್ಕೆ ಒಂದು ಯೋಜನೆಯನ್ನು ಸಿದ್ಧಪಡಿಸಿದ್ದೇನೆ. ಜುಲೈ ತಿಂಗಳಲ್ಲಿ, ಒಳಗೆ ಕಂಬಳಿ ಹೊದ್ದು ಕೂರುವ ಚಳಿಯಲ್ಲಿ, ಮನೆಗೊಂದು ಎಸಿ ಹಾಕಿಸಿ ಅದನ್ನು 16 ಡಿಗ್ರಿಗೆ ಇಡುವುದು. ಪರೀಕ್ಷೆಯ ಹಿಂದಿನ ದಿನ 24ಕ್ಕೆ ಏರಿಸಿ, ಎಂಟು ಡಿಗ್ರಿಯ ಸುಧಾರಣೆಯನ್ನು ದಾಖಲಿಸುವುದು. ಅಬ್ಬಿಯ ಪೈಪಿಗೆ ನಲ್ಲಿ ಹಾಕಿಸಿ, ಆರು ತಿಂಗಳು ಸೋರಲು ಬಿಟ್ಟು, ಅನಂತರ ವಾಷರ್ ಬದಲಿಸುವುದು. ಎಮ್ಮೆಯನ್ನು ಮಾರಿ ಪ್ಯಾಕೆಟ್ ಹಾಲು ತರಿಸುವುದು; ಆಗ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಉಳಿಸಿಕೊಳ್ಳುವ ಅಂಕವೂ ನಮ್ಮದಾಗುತ್ತದೆ, ಅದು ನಿಜವಾಗಿಯೂ ಆ 75ರಲ್ಲಿ ಒಂದು. ಅಮ್ಮಮ್ಮ ಎಮ್ಮೆಯ ವಿಷಯಕ್ಕೆ ಮಾತ್ರ ಒಪ್ಪುತ್ತಿಲ್ಲ.

ಇನ್ನು ಆ ಕನಿಕರದ 4 ಅಂಕಗಳ ವಿಷಯ. ಕಸವನ್ನು ವಿಂಗಡಿಸುವ ಬಕೆಟ್ಟುಗಳ ಫೋಟೊ ಹಾಕದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ ಎಂದು ಹುಡುಗ ಸಂಕಟಪಟ್ಟ. ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಎಂದು ಪಂಚಾಯಿತಿಯವರು ಕೊಟ್ಟ ಜೋಡಿ ನಮ್ಮಲ್ಲಿಯೂ ಇತ್ತು. ಹಸಿರಿನದರಲ್ಲಿ ಕರುವಿಗೆ ನೀರು, ನೀಲಿಯದರಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ನೆನೆಹಾಕಿದ ಸುಣ್ಣ. ಎರಡನ್ನೂ ಬರಿದು ಮಾಡಿ ಜಗುಲಿಯ ಮೇಲೆ ಜೋಡಿಸಿದೆವು. ಹಸಿರಿನದಕ್ಕೆ ಅವನು ಉಂಡೆದ್ದ ಬಾಳೆ ಎಲೆಯನ್ನೇ ಹಾಕಿದ್ದಾಯಿತು. ನೀಲಿಯದಕ್ಕೆ ಹಾಕಲು ಮನೆಯೆಲ್ಲ ಹುಡುಕಿದರೂ ತಕ್ಕ ವಸ್ತು ಸಿಗಲಿಲ್ಲ. ಕೊಟ್ಟೆಯ ಚೂರುಗಳೆಲ್ಲ ತೋಟದ ಕಪ್ಪಿನಲ್ಲಿದ್ದವು, ಮಳೆ ಹೊಡೆಯುತ್ತಿತ್ತು. ಕೊನೆಗೆ ಹುಡುಗ ತನ್ನ ಚೀಲದಿಂದ ಖಾಲಿ ಚಿಪ್ಸ್ ಪೊಟ್ಟಣವನ್ನೂ ತಂಪು ಪಾನೀಯದ ಬಾಟಲಿಯನ್ನೂ ತೆಗೆದು ನೀಲಿ ಬಕೆಟ್ಟಿಗೆ ಹಾಕಿ, ಅಮ್ಮಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿ ಫೋಟೊ ತೆಗೆದ. ‘ಒಣ ಕಸವನ್ನು ಯಶಸ್ವಿಯಾಗಿ ಬೇರ್ಪಡಿಸುತ್ತಿದ್ದಾರೆ’ ಎಂದು ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು. ಹೊರಡುವಾಗ ಅವನು ಪೊಟ್ಟಣವನ್ನೂ ಬಾಟಲಿಯನ್ನೂ ಮರಳಿ ಚೀಲಕ್ಕೆ ಹಾಕಿಕೊಳ್ಳಲು ಹೋದಾಗ ಅಮ್ಮಮ್ಮನೇ ತಡೆದಳು. ಸರ್ಕಾರಕ್ಕೆ ಒಮ್ಮೆ ತೋರಿಸಿದ ವಸ್ತುವನ್ನು ಜಾಗ ಬದಲಿಸಬಾರದು, ನಾಳೆ ಯಾರಾದರೂ ಬಂದು ಕೇಳಿದರೆ ಏನು ಹೇಳುವುದು ಎಂಬುದು ಅವಳ ಭಯ. ಕಸದ ಗಾಡಿ ನಮ್ಮ ಕೇರಿಯವರೆಗೆ ಬರುವುದಿಲ್ಲ. ನೀಲಿ ಬಕೆಟ್ಟು ಈಗಲೂ ಜಗುಲಿಯ ಮೂಲೆಯಲ್ಲಿದೆ, ಬೋರ್ಡೋಕ್ಕೆ ಸುಣ್ಣ ನೆನೆಹಾಕಲು ಪೇಟೆಯಿಂದ ಬೇರೊಂದು ಪ್ಲಾಸ್ಟಿಕ್ ಬಕೆಟ್ಟು ತಂದಿದ್ದೇವೆ.