ರಬ್ಬರ್, ರ‍್ಯಾಮ್ ಮತ್ತು 27 ಮಾರ್ಕ್ಸು

ಡಿಸ್‌ಪ್ಲೇ ಬರ್ತಿಲ್ಲ ಅಂತ ಯಾರಾದರೂ ಸಿಪಿಯು ಹೊತ್ತುಕೊಂಡು ಅಂಗಡಿಗೆ ಬಂದರೆ ನನ್ನ ಕೈ ತಾನಾಗಿಯೇ ಡ್ರಾಯರಿಗೆ ಹೋಗುತ್ತದೆ. ಅಲ್ಲೊಂದು ಪೆನ್ಸಿಲ್ ರಬ್ಬರ್ ಇದೆ. ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ನಾಲ್ಕು ಸಲ ಉಜ್ಜಿ, ಉಫ್ ಅಂತ ಊದಿ, ಮತ್ತೆ ಸ್ಲಾಟಿಗೆ ಒತ್ತಿದರೆ ಎಷ್ಟೋ ಸಲ ಮೆಷಿನ್ ಎದ್ದು ಕೂರುತ್ತದೆ. ಒಂಬತ್ತು ವರ್ಷದಿಂದ ನನಗೆ ಅನ್ನ ಹಾಕಿದ್ದು ಈ ರಬ್ಬರೇ.

ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಸರ್ಟಿಫಿಕೇಟ್ ಕೊಡುವ ಕಾಂಪ್ಟಿಯಾ ಎ ಪ್ಲಸ್ ಪರೀಕ್ಷೆಯಲ್ಲಿ ಮಾತ್ರ ಅದು ಯಾವ ಆಪ್ಷನ್ನಿನಲ್ಲೂ ಇರಲಿಲ್ಲ.

ಹೌದು, ಫೇಲಾದೆ. ಎರಡು ಪೇಪರಿನಲ್ಲಿ ಮೊದಲನೆಯದು, ಕೋರ್ 1. ಪಾಸಾಗೋಕೆ 675 ಬೇಕಿತ್ತು, ಬಂದದ್ದು 648. ಮನೆಯಲ್ಲಿ ‘ರಿಸಲ್ಟ್ ಇನ್ನೂ ಬಂದಿಲ್ಲ’ ಅಂತ ಎರಡು ದಿನ ಸುಳ್ಳು ಹೇಳಿದೆ. ಈ ಪರೀಕ್ಷೆಯಲ್ಲಿ ಮುಗಿಸಿ ಏಳುವ ಮೊದಲೇ ಸ್ಕ್ರೀನ್ ಮೇಲೆ ರಿಸಲ್ಟ್ ಬಂದಿರುತ್ತದೆ ಅಂತ ಅವರಿಗೆ ಗೊತ್ತಿಲ್ಲ, ಪುಣ್ಯ.

ಸುಮ್ನೆ ಟೈಮ್ ಸಾಲಲಿಲ್ಲ ಅಂತ ಹೇಳಿ ಜಾರಿಕೊಳ್ಳಬಹುದು. ಅದೂ ಸುಳ್ಳಲ್ಲ. 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಶುರುವಿನಲ್ಲೇ ಎಳೆದು ಜೋಡಿಸುವ, ಸೆಟ್ಟಿಂಗ್ ಸರಿ ಮಾಡುವ ಪ್ರಾಕ್ಟಿಕಲ್ ತರಹದ ಪ್ರಶ್ನೆಗಳು ಬಂದವು. ನಾನು ಮೆಕ್ಯಾನಿಕ್ ಅಲ್ವಾ, ಬಿಟ್ಟು ಮುಂದೆ ಹೋಗೋಕೆ ಮನಸ್ಸಾಗಲಿಲ್ಲ. ಅವುಗಳಲ್ಲೇ ಮುಕ್ಕಾಲು ಗಂಟೆ ಹೋಯಿತು. ಕೊನೆಯ ಪ್ರಶ್ನೆಗಳಿಗೆ ದೇವರ ಮೇಲೆ ಭಾರ ಹಾಕಿ ಕ್ಲಿಕ್ ಮಾಡಿದೆ. ಈ ಸಲ ಅವನ್ನು ಫ್ಲ್ಯಾಗ್ ಮಾಡಿಟ್ಟು ಕೊನೆಗೆ ನೋಡುತ್ತೇನೆ.

ಆದರೆ ನನ್ನನ್ನು ಕೆಡವಿದ್ದು ಅದಕ್ಕಿಂತ ಜಾಸ್ತಿ ಒಂದು ಸಣ್ಣ ಪದ. ‘ಫಸ್ಟ್’. ದಪ್ಪ ಅಕ್ಷರದಲ್ಲಿ ಇರುತ್ತದೆ. ಟೆಕ್ನಿಷಿಯನ್ ಮೊದಲು ಏನು ಮಾಡಬೇಕು? ನಾಲ್ಕು ಉತ್ತರದಲ್ಲಿ ಮೂರು ನಾನು ದಿನಾ ಮಾಡುವಂಥವೇ. ಅಂಗಡಿಯಲ್ಲಿ ಎಲ್ಲ ಒಟ್ಟಿಗೆ ಮಾಡುತ್ತೇವೆ. ರ‍್ಯಾಮ್ ಬದಲಿಸು, ಎಸ್‌ಎಂಪಿಎಸ್ (ಕರೆಂಟ್ ಕೊಡುವ ಡಬ್ಬಿ) ಬದಲಿಸು, ವಿಂಡೋಸ್ ಹೊಡಿ. ಯಾವುದರಿಂದ ಸರಿಹೋಯಿತು ಅಂತ ಕೇಳುವವರಿಲ್ಲ, ನಮಗೂ ಗೊತ್ತಿರಲ್ಲ.

ಒಂದು ಉದಾಹರಣೆ ಕೊಡ್ತೀನಿ. ಲೇಸರ್ ಪ್ರಿಂಟರಿನಿಂದ ಬಂದ ಹಾಳೆ ಮೇಲೆ ಬೆರಳು ಆಡಿಸಿದರೆ ಅಕ್ಷರ ಕೈಗೆ ಹತ್ತುತ್ತದೆ. ಟೋನರ್, ಅಂದರೆ ಶಾಯಿಪುಡಿ, ಹಾಳೆ ಮೇಲೆ ಬಿದ್ದಿದೆ, ಆದರೆ ಬಿಸಿಯಲ್ಲಿ ಕರಗಿ ಕಚ್ಚಿಕೊಂಡಿಲ್ಲ. ಹಾಗಾದರೆ ನೋಡಬೇಕಾದ್ದು ಅದನ್ನು ಬಿಸಿ ಮಾಡಿ ಅಂಟಿಸುವ ಫ್ಯೂಸರ್. ಪ್ರಿಂಟಾಗುವ ಏಳು ಹಂತಗಳನ್ನು ಓದಿದ ಮೇಲೆ ಇದು ಹೊಳೆಯಿತು. ಅದಕ್ಕೆ ಮುಂಚೆ ಇಂಥ ಪ್ರಿಂಟರ್ ಬಂದಾಗಲೆಲ್ಲ ಮೊದಲು ಟೋನರ್ ಬದಲಿಸುತ್ತಿದ್ದೆ. ಆ ದುಡ್ಡು ಯಾರ ಜೇಬಿಂದ ಹೋಯಿತು ಅಂತ ಹೇಳಬೇಕಾಗಿಲ್ಲ. ನಾಚಿಕೆ ಆಗುತ್ತದೆ, ಫೇಲಾದದ್ದಕ್ಕಿಂತ ಜಾಸ್ತಿ.

ನೆಟ್‌ವರ್ಕಿಂಗ್ ಕಥೆಯೂ ಅದೇ. ಕೇಬಲ್ ಒಳಗಿನ ಎಂಟು ತಂತಿಗಳ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕಣ್ಣು ಮುಚ್ಚಿ ಕನೆಕ್ಟರಿಗೆ ಕ್ರಿಂಪ್ ಮಾಡುತ್ತೇನೆ. ಇದರ ಹೆಸರು ಟಿ568ಬಿ ಅಂತ ಪ್ರಶ್ನೆಯಲ್ಲಿ ನೋಡಿದಾಗ ಯಾರೋ ಹೊಸಬರ ಹಾಗೆ ಕಂಡಿತು. ಐಪಿ ಅಡ್ರೆಸ್ 169.254 ಅಂತ ಶುರುವಾದರೆ ರೂಟರ್ ಆಫ್ ಮಾಡಿ ಆನ್ ಮಾಡುತ್ತಿದ್ದೆ. ಐಪಿ ಅಡ್ರೆಸ್ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಬರದೆ ಮೆಷಿನ್ ತನಗೆ ತಾನೇ ಆ ನಂಬರ್ ಕೊಟ್ಟುಕೊಂಡಿದೆ ಅಂತ ಈಗ ಗೊತ್ತು. ಕೋರ್ 1ರ ಹೊಸ ಆವೃತ್ತಿಯಾದ 1201 ಪೇಪರಿನಲ್ಲಿ ನೆಟ್‌ವರ್ಕಿಂಗ್ 23%, ರಿಪೇರಿ ಭಾಗ 28%. ಎರಡೂ ಸೇರಿದರೆ ಅರ್ಧ ಪೇಪರ್. ನಾನು ಓದಿದ್ದು ಗೆಳೆಯ ಕೊಟ್ಟ ಹಳೇ 1101 ನೋಟ್ಸ್. ಅದು ನನ್ನದೇ ಕರ್ಮ.

ಎರಡನೇ ಸಲ ಬರೆಯೋಕೆ ಕಾಯಬೇಕಾಗಿಲ್ಲ, ಮೂರನೇ ಸಲಕ್ಕೆ 14 ದಿನ ಬಿಡಬೇಕು. ದುಡ್ಡು ಮಾತ್ರ ಪ್ರತಿ ಸಲ ಪೂರ್ತಿ ಕಟ್ಟಬೇಕು. ಹಾಗಾಗಿ ನಾನೇ ಎರಡು ತಿಂಗಳು ತಗೊಂಡೆ.

ಈ ಮಧ್ಯೆ ಒಬ್ಬ ಹುಡುಗ ವಾಟ್ಸಾಪಿನಲ್ಲಿ ಡಂಪ್, ಅಂದರೆ ಪರೀಕ್ಷೆಯಿಂದ ಕದ್ದ ಪ್ರಶ್ನೋತ್ತರಗಳ ಪಟ್ಟಿ, ಕಳಿಸಿದ. ‘ಅಣ್ಣಾ, ಇದನ್ನ ಬಾಯಿಪಾಠ ಮಾಡಿ ಸಾಕು’ ಅಂದ. ಆಸೆ ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ, ತೆರೆದೂ ನೋಡಿದೆ. ಮೊದಲ ಪುಟದಲ್ಲೇ ಇಮೇಲ್ ತರಿಸುವ ಪಿಒಪಿ3ಗೆ ಪೋರ್ಟ್ ನಂಬರ್ 143 ಅಂತಿತ್ತು. 143 ಇಮೇಲಿನ ಇನ್ನೊಂದು ವಿಧಾನ ಐಮ್ಯಾಪಿನದು, ಪಿಒಪಿ3ದು 110. ಕದ್ದ ಮಾಲೂ ಡೂಪ್ಲಿಕೇಟ್! ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ರದ್ದಾಗುತ್ತದೆ. ಅದು ಹಾಗಿರಲಿ, ಡಂಪ್ ಓದಿ ಪಾಸಾದವನು ನನ್ನ ಪಕ್ಕದ ಟೇಬಲ್ಲಿಗೆ ಬಂದರೆ ನಾನು ಅವನ ಕೈಗೆ ಸ್ಕ್ರೂಡ್ರೈವರ್ ಕೊಡಲ್ಲ.

ಹೋದ ವಾರ ಒಬ್ಬರು ಆಂಟಿ ಸಿಪಿಯು ಆಟೋದಲ್ಲಿ ತಂದರು. ಡಿಸ್‌ಪ್ಲೇ ಇಲ್ಲ. ಕೈ ಡ್ರಾಯರಿಗೆ ಹೋಯಿತು. ತಡೆದುಕೊಂಡು ಕೇಳಿದೆ: ‘ಆಂಟಿ, ಹಾಳಾಗೋ ಮುಂಚೆ ಇದಕ್ಕೇನಾದ್ರೂ ಹೊಸದಾಗಿ ಹಾಕಿಸಿದ್ರಾ?’

‘ಮಗ ಗೇಮ್ ಆಡೋಕೆ ಅಂತ ಅದೇನೋ ಕಾರ್ಡ್ ಹಾಕ್ದ ಕಣಪ್ಪ.’

ಮಾನಿಟರ್ ವೈರನ್ನು ಮದರ್‌ಬೋರ್ಡಿನ ಪೋರ್ಟಿಗೆ ಹಾಕಿದ್ದೀರಾ, ಹೊಸ ಕಾರ್ಡಿಗಾ ಅಂತ ಮಗನಿಗೆ ಫೋನ್ ಮಾಡಿಸಿದೆ. ಹಳೇ ಜಾಗದಲ್ಲೇ ಇತ್ತಂತೆ. ನಮ್ಮ ಮಾನಿಟರನ್ನು ಕಾರ್ಡಿಗೆ ಹಾಕಿ ಆನ್ ಮಾಡಿದೆ, ಬಂತು. ಕೇಸ್ ಬಿಚ್ಚಲೂ ಇಲ್ಲ. ಆಂಟಿ ದುಡ್ಡು ಎಷ್ಟು ಅಂದರು. ಏನು ಹೇಳಲಿ? ಆಟೋ ಚಾರ್ಜಿಗಿಟ್ಟುಕೊಳ್ಳಿ ಅಂದೆ. ಓನರ್ ಮುಖ ನೋಡುವ ಹಾಗಿತ್ತು.

ಬರುವ ಮಂಗಳವಾರ ಪರೀಕ್ಷೆ. ಅರ್ಧ ದಿನ ರಜೆ ಕೇಳಿದೆ, ಅದೇ ಓನರ್ ಒಪ್ಪಿಕೊಂಡರು. ‘ಹೋಗಿ ಬಾರಪ್ಪ, ಬರ್ತಾ ಎಸ್‌ಪಿ ರೋಡಲ್ಲಿ ಎರಡು ಎಸ್‌ಎಂಪಿಎಸ್ ತಗೊಂಡು ಬಾ’ ಅಂದಿದ್ದಾರೆ.