ಬಟನ್ ಒತ್ತಲು ಕಲಿಸಿದರೆ ಸಾಲದು

‘ನರ್ಸ್‌ಗಳಿಗೆ ಕಂಪ್ಯೂಟರ್ ಅಷ್ಟಾಗಿ ಬರಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಅವರಿಗೆ ಯಾರು ಕಲಿಸಿದರು, ಏನು ಕಲಿಸಿದರು, ಯಾವ ಹೊತ್ತಿನಲ್ಲಿ ಕಲಿಸಿದರು ಅಂತ ಯಾರೂ ಕೇಳುವುದಿಲ್ಲ.

ಹೊಸ ಸಾಫ್ಟ್‌ವೇರ್ ಬಂತು ಅಂದರೆ ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಇರುವವರನ್ನು ಕೂರಿಸುತ್ತಾರೆ. ಲಾಗಿನ್ ಹೇಗೆ, ಬಿಪಿ ಎಲ್ಲಿ ತುಂಬಬೇಕು, ಸೇವ್ ಎಲ್ಲಿದೆ ಅಂತ ತೋರಿಸುತ್ತಾರೆ. ತರಬೇತಿ ಮುಗಿಯಿತು! ಪರದೆ ಮೇಲಿನ ಅಂಕಿಯನ್ನು ಯಾವಾಗ ನಂಬಬೇಕು, ಯಾವಾಗ ಅನುಮಾನಿಸಬೇಕು ಅನ್ನುವುದನ್ನು ಹೇಳಿಕೊಡುವವರು ಕಡಿಮೆ. ನನ್ನ ಪ್ರಕಾರ ಕಲಿಯಬೇಕಾದ ಮುಖ್ಯ ವಿದ್ಯೆ ಅದೇ.

ಹೆರಿಗೆ ಕೋಣೆಯಲ್ಲಿ ಮಗುವಿನ ಎದೆಬಡಿತವನ್ನು ಗೆರೆಯಾಗಿ ಬರೆದು ತೋರಿಸುವ ಸಿಟಿಜಿ ಯಂತ್ರವನ್ನೇ ನೋಡಿ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160 ಇರುತ್ತದೆ. ಹೊಟ್ಟೆ ಮೇಲಿನ ಸೆನ್ಸರ್ ಜರುಗಿದರೆ ಯಂತ್ರ ಕೆಲವೊಮ್ಮೆ ತಾಯಿಯ ಬಡಿತವನ್ನೇ ಹಿಡಿದು ತೋರಿಸುತ್ತದೆ. ಮಗುವನ್ನು ಹೊರದಬ್ಬಲು ಆಕೆ ಮುಕ್ಕುವಾಗ ಆ ಬಡಿತವೂ 110 ದಾಟಬಹುದು. ಕಾಗದದ ಮೇಲೆ ಗೆರೆ ಚೆನ್ನಾಗಿಯೇ ಓಡುತ್ತಿರುತ್ತದೆ, ಒಳಗೆ ಮಗು ಕಷ್ಟದಲ್ಲಿರಬಹುದು. ಹೆರಿಗೆ ಮಾಡಿಸುವುದರಲ್ಲಿ ಪಳಗಿದ ಮಿಡ್‌ವೈಫ್ ಆಗ ತಾಯಿಯ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾರೆ, ಯಂತ್ರದ ಸದ್ದಿನ ಜೊತೆ ತಾಳೆ ನೋಡುತ್ತಾರೆ. ಎರಡೂ ಒಂದೇ ಆಗಿದ್ದರೆ ಸೆನ್ಸರ್ ಸರಿಸಿ ಮಗುವಿನ ಬಡಿತ ಹುಡುಕುತ್ತಾರೆ. ಇದು ಡಿಜಿಟಲ್ ಕೌಶಲವೇ ಅಲ್ವಾ?

ಇನ್ನೊಂದು ವಿಷಯ. ಹೆರಿಗೆ ಹೇಗೆ ಸಾಗುತ್ತಿದೆ ಅಂತ ಗುರುತಿಸುವ ಹಳೆಯ ನಕ್ಷೆಯಲ್ಲಿ, ಅಂದರೆ ಪಾರ್ಟೋಗ್ರಾಫ್‌ನಲ್ಲಿ, ಗರ್ಭಕಂಠ (ಗರ್ಭಕೋಶದ ಬಾಯಿ) 4 ಸೆಂ.ಮೀ. ತೆರೆದಾಗಿನಿಂದ ಗಂಟೆಗೆ 1 ಸೆಂ.ಮೀ. ಲೆಕ್ಕದಲ್ಲಿ, ಅದಕ್ಕಿಂತ ನಿಧಾನವಾದರೆ ಎಚ್ಚರ ಅನ್ನುವ ಗೆರೆ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಈ ಲೆಕ್ಕ ಬದಲಿಸಿತು. ಸಕ್ರಿಯ ಹೆರಿಗೆ 5 ಸೆಂ.ಮೀ.ನಿಂದ ಶುರು, ಎಲ್ಲ ತಾಯಂದಿರಿಗೂ ಅದೇ ವೇಗ ಇರಬೇಕಿಲ್ಲ ಅಂದಿತು. 2020ರಲ್ಲಿ ಅದಕ್ಕೆ ತಕ್ಕ ಹೊಸ ನಮೂನೆಯನ್ನೂ ಕೊಟ್ಟಿತು. ಈಗ ಯಾವುದಾದರೂ ಆ್ಯಪ್ ಒಳಗೆ ಹಳೆಯ ಲೆಕ್ಕವೇ ಉಳಿದಿದ್ದರೆ? ಆರೋಗ್ಯವಾಗಿರುವ ತಾಯಿಗೂ ಅದು ಸುಮ್ನೆ ಕೆಂಪು ದೀಪ ತೋರಿಸಬಹುದು. ಅದನ್ನು ಮೊದಲು ಪತ್ತೆ ಹಚ್ಚುವವರು ಹೆರಿಗೆ ಮಾಡಿಸುವವರೇ. ‘ನಿಮ್ಮ ಆ್ಯಪ್ ತಪ್ಪು’ ಅಂತ ಹೇಳುವ ಧೈರ್ಯ ಮತ್ತು ದಾರಿ ಎರಡೂ ಅವರಿಗೆ ಬೇಕು.

ಔಷಧಿ ಕೊಡುವಾಗ ಇವರೇ ಆ ರೋಗಿ ಹೌದೇ ಅಂತ ಖಚಿತ ಮಾಡಿಕೊಳ್ಳಲು ಕೈಪಟ್ಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಾರಲ್ಲ, ಅದರ ಹಿಂದೆ ಇದ್ದವರೂ ಒಬ್ಬ ನರ್ಸ್. ಅಮೆರಿಕದ ಟೊಪೀಕದಲ್ಲಿ ಮಾಜಿ ಯೋಧರ ಆಸ್ಪತ್ರೆಯಲ್ಲಿದ್ದ ಸ್ಯೂ ಕಿನ್ನಿಕ್. 1992ರಲ್ಲಿ ಬಾಡಿಗೆ ಕಾರು ವಾಪಸ್ ಕೊಡುವಾಗ ಅಲ್ಲಿನವರು ಸ್ಕ್ಯಾನರ್ ಬಳಸುವುದು ನೋಡಿದರು. ಕಾರಿಗೆ ಆಗುವುದು ಔಷಧಿಗೆ ಯಾಕೆ ಆಗಬಾರದು ಅಂತ ಅವರಿಗೆ ಹೊಳೆಯಿತು.

ಅದೇ ಸ್ಕ್ಯಾನರ್‌ನ ವೈರ್ ಹಾಸಿಗೆವರೆಗೆ ಮುಟ್ಟದಿದ್ದರೆ, ಬ್ಯಾಟರಿ ಪದೇ ಪದೇ ಸತ್ತರೆ, ಕೆಲವು ಕಡೆ ಕೈಪಟ್ಟಿಯ ಇನ್ನೊಂದು ಪ್ರತಿ ಮಾಡಿ ಔಷಧಿ ಟ್ರಾಲಿಗೆ ಅಂಟಿಸಿಕೊಂಡು ಸ್ಕ್ಯಾನ್ ಮಾಡುತ್ತಾರೆ. ಅಲ್ಲಿಗೆ ಸುರಕ್ಷತೆ ಹೋಯಿತು. ಬೈಗುಳ ಮಾತ್ರ ನರ್ಸ್‌ಗೆ. ವೈರ್ ಎಷ್ಟು ಉದ್ದ ಬೇಕು ಅಂತ ಕೊಳ್ಳುವ ಮೊದಲು ಅವರನ್ನು ಕೇಳಿದ್ದರೆ?

ಅದಕ್ಕೇ ಹೇಳುತ್ತಿದ್ದೇನೆ. ಸಾಫ್ಟ್‌ವೇರ್‌ಗೆ ದುಡ್ಡು ಕೊಡುವ ಮೊದಲು ಅದನ್ನು ರಾತ್ರಿ ಪಾಳಿಯವರ ಕೈಗೆ ಕೊಟ್ಟು ನೋಡಿ. ತರಬೇತಿಯನ್ನು ಡ್ಯೂಟಿ ಸಮಯದಲ್ಲೇ ಕೊಡಿ, ಆ ಹೊತ್ತಿಗೆ ವಾರ್ಡ್‌ಗೆ ಬೇರೆಯವರನ್ನು ಹಾಕಿ. ಪರದೆಯಲ್ಲಿ ತಪ್ಪು ಕಂಡರೆ ಯಾರಿಗೆ ಫೋನ್ ಮಾಡಬೇಕು ಅಂತ ಗೋಡೆ ಮೇಲೆ ಬರೆದು ಹಾಕಿ. ಫೋನ್ ಎತ್ತುವವರಿಗೆ ಅದನ್ನು ಸರಿಪಡಿಸುವ ಅಧಿಕಾರವೂ ಇರಲಿ.