ಮಕ್ಕಳ ಕೈಗೆ ಕೆಲಸ ಕೊಟ್ಟು ನೋಡಿ

ಚೌತಿ ರಜೆಯ ಹಣ್ಣಿನ ತಿಂಡಿಗಳ ಈ ಲೇಖನದಲ್ಲಿ, ಸ್ಟ್ರಾಬೆರಿ, ಕಿವಿ, ದ್ರಾಕ್ಷಿಯನ್ನು ಟೂತ್‌ಪಿಕ್‌ಗೆ ಚುಚ್ಚಿ ಗೊಂಬೆ ಮಾಡಿಕೊಟ್ಟರೆ ಮಾತ್ರ ಮಕ್ಕಳು ಹಣ್ಣು ಮುಟ್ಟುತ್ತಾರೆ ಅಂದಿದ್ದೀರಿ. ಆ ‘ಮಾತ್ರ’ ನನಗೆ ಒಪ್ಪಿಗೆಯಿಲ್ಲ.

ನಮ್ಮದು ಕುಮಟಾ. ಚೌತಿಗೆ ನಮ್ಮನೆ ಮಕ್ಕಳು ಮಾಡುವುದು ಬಾಳೆಹಣ್ಣಿನ ರಸಾಯನ. ಒಲೆ ಹಚ್ಚುವುದೇ ಬೇಡ, ಹಾಗಾಗಿ ಐದು ವರ್ಷದವಳಿಗೂ ಕೆಲಸ ಇದೆ. ರುಬ್ಬಿದ ಕಾಯಿಯನ್ನು ತೆಳುಬಟ್ಟೆಗೆ ಹಾಕಿ ಮಕ್ಕಳಿಬ್ಬರೂ ಎದುರುಬದುರು ಕೂತು ಹಿಂಡುತ್ತಾರೆ. ಮೊದಲ ಹಾಲು ದಪ್ಪಗೆ ಇಳಿಯುವಾಗ ಮೊಣಕೈವರೆಗೂ ಬೆಳ್ಳಗೆ! ಅದಕ್ಕೆ ಶಿರಸಿ ಕಡೆಯ ಜೋನಿ ಬೆಲ್ಲ (ನೀರುಬೆಲ್ಲ), ಏಲಕ್ಕಿ, ಹುರಿದ ಎಳ್ಳಿನ ಪುಡಿ. ಪುಟ್ಟಬಾಳೆ ಹಣ್ಣನ್ನು ಬಿಲ್ಲೆ ಮಾಡಿ ಹಾಕುವುದು ಕಟ್ಟಕಡೆಗೆ, ಬಡಿಸುವ ಹೊತ್ತಿಗೆ. ಮೊದಲೇ ಹೆಚ್ಚಿಟ್ಟರೆ ಕಪ್ಪಾಗುತ್ತದೆ. ನಮ್ಮ ಕರಾವಳಿಯ ಸೆಕೆಗೆ ತೆಂಗಿನ ಹಾಲೂ ಬೇಗ ಹುಳಿಯುತ್ತದೆ, ಮಾಡಿದ್ದನ್ನು ಆಗಲೇ ತಿಂದು ಮುಗಿಸಬೇಕು.

ಹಣ್ಣು ಕಂಡರೆ ಮುಖ ತಿರುಗಿಸುತ್ತಿದ್ದ ನನ್ನ ಮಗ ಕಳೆದ ಚೌತಿಗೆ ಎರಡು ಬಟ್ಟಲು ತಿಂದ, ‘ಹಾಲು ಹಿಂಡಿದ್ದು ನಾನು’ ಅಂತ ಬಂದವರಿಗೆಲ್ಲ ಹೇಳಿಕೊಂಡು. ಗಣಪತಿಯ ಮೇಲೆ ಕಟ್ಟುವ ಫಲಾವಳಿಯ ಚಕ್ಕೋತವನ್ನೂ ವಿಸರ್ಜನೆ ಆದಮೇಲೆ ಅವನೇ ಕೇಳಿ ಇಳಿಸಿಕೊಂಡ.

ಇನ್ನೊಂದು ಮಾತು, ದಯವಿಟ್ಟು ಲೇಖನದಲ್ಲಿ ಸೇರಿಸಿ: ಸಣ್ಣ ಮಕ್ಕಳಿಗೆ ಇಡೀ ದ್ರಾಕ್ಷಿ ಕೊಡಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಉದ್ದಕ್ಕೆ ಸೀಳಿಯೇ ಕೊಡಬೇಕು. ಚೂಪು ಕಡ್ಡಿಯಂತೂ ಆ ವಯಸ್ಸಿನವರ ಕೈಗೆ ಬೇಡವೇ ಬೇಡ.